ಗೂಡಿನಲ್ಲಿ ನಡೆದಾಡಿದ ಕಲ್ಲು

ನಮ್ಮ ಮನೆಯ ದೇವರು ಒಂದು ಬೆಳಿಗ್ಗೆ ಎದ್ದು ನಡೆದುಬಿಟ್ಟ. ಇದಕ್ಕೆ ಸಾಕ್ಷಿಗಳಿದ್ದಾರೆ. ಅವರಲ್ಲಿ ನಾನೂ ಒಬ್ಬ, ಆದರೆ ನನ್ನ ಸಾಕ್ಷಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವರಿಗೆ ಎರಡು ರೋಗ ಅಂಟಿಕೊಳ್ಳುತ್ತವೆ. ಒಂದು, ಕಂಡದ್ದಕ್ಕೆಲ್ಲ ಲ್ಯಾಟಿನ್ ಹೆಸರು ಹುಡುಕುವುದು. ಇನ್ನೊಂದು, ಕಂಡದ್ದು ಹೌದೋ ಅಲ್ಲವೋ ಎಂದು ಆಮೇಲೆ ಕೂತು ಕೆರೆದುಕೊಳ್ಳುವುದು. ಮೊದಲನೆಯದು ಕೆಲಸ ಸಿಕ್ಕಿದ ಮೇಲೆ ವಾಸಿಯಾಯಿತು. ಎರಡನೆಯದಕ್ಕೆ ಮದ್ದಿಲ್ಲ.

ಎಪ್ಪತ್ತರ ದಶಕದ ಕೊನೆಯ ಕಡೆ, ಒಂದು ಬೇಸಿಗೆ ರಜೆ. ನ್ಯಾಮತಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಅಪ್ಪನ ಕಿರಾಣಿ ಅಂಗಡಿ, ಅಂಗಡಿಯ ಬೆನ್ನಿಗೆ ಮನೆ. ಅಂಗಡಿ ಅಪ್ಪನದಾದರೂ ಮನೆ ಅಜ್ಜಿಯದು. ಆ ವರ್ಷ ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ, ಜಗಳೂರಿನ ಗಂಡನ ಮನೆಯಿಂದ ಬಂದು ನಮ್ಮಲ್ಲೇ ಇದ್ದಳು. ಮೈಗೆ ಹುಷಾರಿಲ್ಲ ಎಂಬುದು ಓಣಿಗೆ ಹೇಳಿದ ಕಾರಣ. ನಿಜವಾದ ಕಾರಣ ಓಣಿಗೆ ಆಗಲೇ ಗೊತ್ತಿತ್ತು. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ಅತ್ತೆ, ನಾವು ಜಗಳೂರಮ್ಮ ಎನ್ನುತ್ತಿದ್ದ ಗಟ್ಟಿ ಹೆಂಗಸು, ಮಗನಿಗೆ ಸಂತೇಬೆನ್ನೂರಿನಲ್ಲಿ ಎರಡನೇ ಹೆಣ್ಣು ನೋಡಿದ್ದಳು. ಆ ಹೆಣ್ಣಿನ ಕಡೆಯವರು ಒಂದೇ ಪಟ್ಟು ಹಿಡಿದಿದ್ದರು: ಮೊದಲನೆಯವಳು ಬಾಯಿಬಿಟ್ಟು ಒಪ್ಪಬೇಕು. ಒಪ್ಪಿದ ಮೇಲೆ ನಮ್ಮ ಅತ್ತೆ ಜಗಳೂರಿಗೆ ವಾಪಸು ಹೋಗಿ, ಹೊಸಬಳ ಜೊತೆ ಅಕ್ಕತಂಗಿಯ ಹಾಗೆ ಇದ್ದು, ಅವಳ ಬಾಣಂತನ ಮಾಡಬೇಕು ಎಂಬುದು ಜಗಳೂರಮ್ಮನ ಏರ್ಪಾಡು.

ಎರಡನೇ ಮದುವೆ ಕಾನೂನಿಗೆ ವಿರುದ್ಧ ಎಂದು ನಾನು ಅಪ್ಪನಿಗೆ ಹೇಳಿದೆ.

"ಕಾನೂನು ಐತಪ್ಪ," ಅಂದ ಅಪ್ಪ, ಬೆಲ್ಲದ ಅಚ್ಚು ಒಡೆಯುತ್ತ. "ಅದಿನ್ನೂ ಜಗಳೂರು ಬಸ್ಸು ಹತ್ತಿಲ್ಲ ಅಷ್ಟೆ."

ಅತ್ತೆಗೆ ವಾಪಸು ಹೋಗುವ ಮನಸ್ಸೇ ಇರಲಿಲ್ಲ. ಹಿತ್ತಲ ಕಡೆಯ ಪಡಸಾಲೆಯಲ್ಲಿ ಹಳೆಯ ಹೊಲಿಗೆ ಮಿಷನ್ನು ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಆ ಮಿಷನ್ನಿನ ಸದ್ದಿನ ಹೊರತು ಅವಳಿಗೆ ಬೇರೆ ಆಸೆ ಇದ್ದಂತೆ ನನಗೆ ಕಾಣಲಿಲ್ಲ. ಆದರೆ "ನಾನು ಹೋಗಲ್ಲ" ಎಂದು ಹೇಳುವಂತಿಲ್ಲ. ಹೇಳಿದರೆ ಅಜ್ಜಿ ಊಟ ಬಿಡುತ್ತಿದ್ದಳು. ಊಟ ಬಿಡುವುದರಲ್ಲಿ ಅಜ್ಜಿ ನಮ್ಮ ಸೀಮೆಗೇ ಹೆಸರುವಾಸಿ.

ಅಜ್ಜಿಯ ದಾರಿ ಬೇರೆ. ಮಗಳಿಗೆ ಮಗುವಾದರೆ ಎರಡನೇ ಹೆಣ್ಣಿನ ಮಾತೇ ಬರುವುದಿಲ್ಲವಲ್ಲ. ಹಾಗಾಗಿ ಗಂಗೆಗೆ ಹರಕೆ ಹೊತ್ತಳು. ನಮ್ಮ ಕಡೆ ಗಂಗೆ ಪೂಜೆ ಎಂದರೆ ಹೊಳೆಯ ದಡದಲ್ಲಿ ಐದು ಬೆಣಚುಕಲ್ಲು ಸಾಲಾಗಿ ನಿಲ್ಲಿಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಎಡೆ ತೋರಿಸುವುದು. ನಮ್ಮ ಮನೆತನದಲ್ಲಿ ಇದಕ್ಕೆ ಇನ್ನೊಂದು ಬಾಲ ಇತ್ತು. ಹರಕೆ ಯಾರ ಸಲುವಾಗಿಯೋ ಅವರೇ ನೀರಿನಲ್ಲಿ ಮುಳುಗಿ, ಕಣ್ಣು ಮುಚ್ಚಿಕೊಂಡೇ ಕೈಗೆ ಸಿಕ್ಕಿದ ಐದು ಕಲ್ಲು ತರಬೇಕು. ಆರಿಸಬಾರದು. ಐದರಲ್ಲಿ ನಡುವಿನದನ್ನು ಹೊಳೆಯ ನೀರಿನ ಸಮೇತ ಚೊಂಬಿನಲ್ಲಿ ಮನೆಗೆ ತಂದು ದೇವರ ಗೂಡಿನಲ್ಲಿ ಇಡಬೇಕು. ಮುಂದಿನ ಅಮಾವಾಸ್ಯೆಯವರೆಗೆ ಆ ನೀರು ಚೆಲ್ಲುವಂತಿಲ್ಲ.

ಅಮಾವಾಸ್ಯೆಯ ದಿನ ಹೊನ್ನಾಳಿಗೆ ಹೋದೆವು. ಚೀಲ ಹೊರಲು ನಾನು. ಅತ್ತೆ ಸೀರೆಯಲ್ಲೇ ಮುಳುಗಿ, ಕಣ್ಣು ಮುಚ್ಚಿಕೊಂಡು ಎದ್ದು, ಎರಡೂ ಮುಷ್ಟಿ ಚಾಚಿದಳು. ಅಜ್ಜಿ ಕಲ್ಲುಗಳನ್ನು ಇಸಕೊಂಡು ಸಾಲಿಗೆ ಇಟ್ಟಳು. ಅವಳಿಗೆ ಕಣ್ಣಿನ ಪೊರೆ ಬರುತ್ತಿದ್ದ ಕಾಲ. ನಾನು ಯೂನಿವರ್ಸಿಟಿಯವನು, ದೂರದಲ್ಲಿ ಕೂತು ಬೀಡಿಯ ವಾಸನೆ ಹೋಗಲೆಂದು ಪೇರಲ ಎಲೆ ಜಗಿಯುತ್ತಿದ್ದೆ. ಹೀಗೆ ಮೂವರಲ್ಲಿ ಯಾರೂ ಸರಿಯಾಗಿ ನೋಡದೆ, ನಡುವಿನ ಕಲ್ಲು ವಿಭೂತಿಯ ಮೂರು ಪಟ್ಟೆ ಬಳಿಸಿಕೊಂಡು, ಬಸ್ಸಿನಲ್ಲಿ ಅತ್ತೆಯ ತೊಡೆಯ ಮೇಲೆ ಕೂತು ನ್ಯಾಮತಿಗೆ ಬಂತು.

ಎರಡು ಮೂರು ದಿನವಾಗಿರಬೇಕು. ಬೆಳಿಗ್ಗೆ ಅಜ್ಜಿ ಕೂಗಿದಳು.

"ಲೇ, ಬಾರೋ ಇಲ್ಲಿ. ಚೊಂಬಿನಾಗೆ ಕಲ್ಲಿಲ್ಲ."

ಕಲ್ಲು ಗೂಡಿನ ಗೋಡೆಯ ಮೇಲಿತ್ತು. ದೀಪದ ಪಕ್ಕದಿಂದ ಮೇಲಕ್ಕೆ ಹೊರಟಿತ್ತು, ಹಿಂದೆ ಒದ್ದೆಯ ಗೆರೆ ಬಿಟ್ಟುಕೊಂಡು. ಮುಂದೆ ಎರಡು ಕೊಂಬು. ಬೆನ್ನ ಮೇಲೆ ಪಾಚಿಗೆ ಹತ್ತಿ ಉಳಿದ ವಿಭೂತಿ.

"ಅಜ್ಜಿ, ಅದು ಕಲ್ಲಲ್ಲ. ಬಸವನಹುಳ."

"ಹುಳ ಅನಬ್ಯಾಡ. ಮೈಮ್ಯಾಲೆ ವಿಭೂತಿ ಐತೆ."

"ವಿಭೂತಿ ನೀನೇ ಹಚ್ಚಿದ್ದು."

"ನಾನು ಹಚ್ಚಿದಾಗ ಕಲ್ಲೇ ಆಗಿತ್ತು."

ಹುಳವನ್ನು ಗೋಡೆಯಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಅದು ಮೈ ಒಳಗೆಳೆದುಕೊಂಡು, ಪಾದದ ಹಿಂಬದಿಗೆ ಅಂಟಿರುವ ತೆಳ್ಳನೆ ಮುಚ್ಚಳದಿಂದ ಚಿಪ್ಪಿನ ಬಾಯಿ ಮುಚ್ಚಿಕೊಂಡಿತು. ಹೊಳೆ ಕೆರೆಗಳ ಬಸವನಹುಳಕ್ಕೆ ಇಂಥ ಮುಚ್ಚಳ ಇರುತ್ತದೆ, ಹಾಗೆ ಮುಚ್ಚಿಕೊಂಡದ್ದಕ್ಕೇ ದಡದಲ್ಲಿ ಕಲ್ಲಿನಂತೆ ಬಿದ್ದಿತ್ತು, ಪಾಚಿ ಬೆಳೆದ ಚಿಪ್ಪು ಕೈಗೂ ಕಲ್ಲೇ ಅನಿಸುತ್ತದೆ ಎಂದೆಲ್ಲ ವಿವರಿಸಿದೆ.

"ನೋಡು," ಅಂದಳು ಅಜ್ಜಿ, "ನಿನ್ನ ಮಾರಿ ನೋಡಿ ದೇವರು ಬಾಗಿಲು ಹಾಕ್ಕಂತು."

ಅಪ್ಪ ಅಂಗಡಿಯಿಂದ ಇಣುಕಿ ನೋಡಿದ. "ದೇವರು ನಡೀತಾನೆ ಅಂದ್ರೆ ನಡೀಲಿ ಬಿಡ್ರಿ. ಅಂಗಡಿಗೆ ಬಂದು ಉದ್ರಿ ಕೇಳದಿದ್ರೆ ಸಾಕು."

ಅಜ್ಜಿ ಹುಳವನ್ನು ತಿರುಗಿ ಚೊಂಬಿಗೆ ಬಿಟ್ಟಳು. ಅಷ್ಟಕ್ಕೇ ನಿಂತಿದ್ದರೆ ಇದು ಒಂದು ದಿನದ ನಗೆಯಾಗಿ ಮುಗಿಯುತ್ತಿತ್ತು. ಮರುದಿನ ಚೊಂಬಿನಲ್ಲಿ ಮರಿಗಳಿದ್ದವು. ತೊಗರಿಬೇಳೆಯಷ್ಟಷ್ಟು ಗಾತ್ರ, ಗಾಜಿನಂತೆ ತೆಳುವಾದ ಚಿಪ್ಪು, ಪ್ರತಿಯೊಂದಕ್ಕೂ ತನ್ನದೇ ಪುಟ್ಟ ಮುಚ್ಚಳ, ಪುಟ್ಟ ಕೊಂಬು. ತಾಯಿ ಚೊಂಬಿನ ಕಂಠಕ್ಕೆ ಅಂಟಿಕೊಂಡು ಕೂತಿತ್ತು. ಅಜ್ಜಿ ಅಲ್ಲೇ ನೆಲಕ್ಕೆ ಕುಸಿದು ಕೈ ಮುಗಿದಳು. ಮಗಳಿಗೆ ಮಗು ಬೇಡಿ ತಂದ ಕಲ್ಲು ಹೆತ್ತಿತ್ತು. ಇನ್ನೇನು ಬೇಕು?

ಇಲ್ಲಿ ನನ್ನ ಎರಡನೇ ರೋಗ ಕೆರಳುತ್ತದೆ. ನನ್ನ ನೆನಪಿನಲ್ಲಿ ಆ ಹುಳ ನಿಂಬೆಹಣ್ಣಿನಷ್ಟು ದುಂಡಗಿದೆ. ಆದರೆ ದುಂಡನೆಯದು ಕೆರೆಗಳ ದೊಡ್ಡ ಬಸವನಹುಳ, ಕಾಲೇಜಿನಲ್ಲಿ ಹುಡುಗರು ಟ್ರೇಯಲ್ಲಿಟ್ಟು ಕೊಯ್ಯುವಂಥದು. ಅದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ, ಕೆರೆ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು ಮಳೆ ಬರುವವರೆಗೆ ಮಲಗುತ್ತದೆ. ಎಲ್ಲ ಇದೆ, ಆದರೆ ಮರಿ ಹಾಕುವುದಿಲ್ಲ. ದಡದ ಹಸಿಮಣ್ಣಿನಲ್ಲಿ ಬಿಳಿಯ ಮೊಟ್ಟೆ ಇಡುತ್ತದೆ. ಮೊಟ್ಟೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಚಿಪ್ಪು ಕೂಡಿದ ಮರಿಯನ್ನೇ ಹೆರುವುದು ಇನ್ನೊಂದು ಜಾತಿ. ಅದು ಸಣ್ಣದು, ಬುಗುರಿಯಂತೆ ತುದಿ ಚೂಪು, ಮೈಮೇಲೆ ಕಂದು ಪಟ್ಟೆ. ಎಂದರೆ ಒಂದೋ ನಮ್ಮ ದೇವರು ದುಂಡಗಿರಲಿಲ್ಲ, ಇಲ್ಲವೇ ಹೆರಲಿಲ್ಲ. ಮರಿಗಳನ್ನು ಇಡೀ ಓಣಿ ನೋಡಿದೆ. ಹಾಗಾಗಿ ದುಂಡನೆಯದೆಂಬ ನೆನಪು ನಾನು ಆಮೇಲೆ ಕೊಯ್ದ ಹುಳಗಳಿಂದ ಸಾಲ ತಂದದ್ದಿರಬೇಕು.

ಚೊಂಬಿನದೂ ಅದೇ ತಕರಾರು. ಅದು ತಾಮ್ರದ್ದು ಎಂದು ನನ್ನ ನೆನಪು. ತಾಮ್ರ ಬಸವನಹುಳಕ್ಕೆ ವಿಷ. ತಾಮ್ರದ ಚೊಂಬಿನ ನೀರಿನಲ್ಲಿ ಬಿದ್ದ ಹುಳ ಜೀವ ಉಳಿಸಿಕೊಳ್ಳಲು ಗೋಡೆ ಹತ್ತುತ್ತದೆ. ಸಂಕಟ ಹೆಚ್ಚಾದರೆ ಹೊಟ್ಟೆಯ ಮರಿಗಳನ್ನು ಹೊತ್ತಿಗೆ ಮುಂಚೆಯೇ ಹೊರಗೆ ಹಾಕುವುದೂ ಉಂಟು. ನೆನಪು ಸರಿಯಾಗಿದ್ದರೆ, ಗಂಗೆ ತಾಯಿ ಕೊಟ್ಟ ಸೂಚನೆ ಎಂದು ಊರು ಕೈ ಮುಗಿದದ್ದು ವಿಷ ಕುಡಿಸಿದ ಬಸುರಿಯ ಒದ್ದಾಟಕ್ಕೆ. ಇದನ್ನು ಅಜ್ಜಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ತಾಯಿಯನ್ನೂ ಮರಿಗಳನ್ನೂ ಸುಮ್ಮನೆ ಗಾಜಿನ ಬಾಟಲಿಗೆ ವರ್ಗಾಯಿಸಿದೆ. ದರ್ಶನಕ್ಕೆ ಅನುಕೂಲವಾಯಿತೆಂದು ಅಜ್ಜಿ ಮೆಚ್ಚಿದಳು.

ಸುದ್ದಿ ಜಗಳೂರಿಗೆ ಹೋದದ್ದು ಬಸ್ಸಿನವರ ಬಾಯಿಯಲ್ಲಿ. ನ್ಯಾಮತಿಯಲ್ಲಿ ಹತ್ತಿದ ಸುದ್ದಿ ದಾರಿಯುದ್ದಕ್ಕೂ ಬೆಳೆದು, ಶಿವಲಿಂಗ ಮರಿ ಹಾಕಿದೆ ಎಂಬಲ್ಲಿಗೆ ಇಳಿಯಿತಂತೆ. ಜಗಳೂರಮ್ಮ ಮಗನನ್ನು ಕರೆದುಕೊಂಡು ಬರುತ್ತಾಳೆಂದು ತಿರುಗಿ ಸುದ್ದಿ ಬಂತು.

ಆ ಸಂಜೆ ನಾನು ಅತ್ತೆಯ ಹತ್ತಿರ ಹೋಗಿ ಕೂತೆ. ಸತ್ಯ ಹೇಳಿ ಅವಳನ್ನು ಬಿಡಿಸಬೇಕೆಂಬ ಹುರುಪು ನನಗೆ.

"ಅದು ಪವಾಡ ಅಲ್ಲತ್ತೆ, ಹುಳ ಅಂತ ನಾನೇ ಅವರಿಗೆ ಹೇಳ್ತೀನಿ."

ಅತ್ತೆ ಮಿಷನ್ನು ನಿಲ್ಲಿಸಲಿಲ್ಲ. "ಹೇಳು. ಪವಾಡ ಅಂದ್ರೆ ಬಸುರಿ ಆಗ್ತಾಳೆ ಅಂತ ಕರ್ಕಂಡು ಹೋಗ್ತಾರೆ. ಹುಳ ಅಂದ್ರೆ ಬಂಜೆ ಅಂತ ಕರ್ಕಂಡು ಹೋಗ್ತಾರೆ. ನನಗೆ ಬಸ್ಸೇನು ಬ್ಯಾರೆ ಬರ್ತತಾ?"

ದೇವರೂ ವಿಜ್ಞಾನವೂ ಜಗಳೂರಿಗೇ ಹೊರಟಿದ್ದವು. ಸ್ವಲ್ಪ ಹೊತ್ತು ಹೊಲಿದು ಅತ್ತೆಯೇ ಕೇಳಿದಳು.

"ಅಲ್ಲೋ, ಚೊಂಬಿನಾಗೆ ಒಂದೇ ಹುಳ ಇತ್ತು. ಒಂದೇ ಹೆಂಗೆ ಮರಿ ಹಾಕ್ತು?"

"ಹೊಳೆನಾಗೇ ಬಸುರಾಗಿತ್ತು. ಇವುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿಲ್ಲದೆ ಆಗಲ್ಲ."

"ಗಂಡು ಅಂತ ಹೆಂಗೆ ಗೊತ್ತಾಗ್ತತಿ? ಮೀಸೆ ಇರ್ತತಾ?"

"ಒಂದು ಕೊಂಬು ಮೊಂಡು ಇರುತ್ತೆ. ದಪ್ಪಗೆ, ಗಿಡ್ಡಗೆ. ಆ ಕೊಂಬೇ ಗಂಡಿನ ಗಂಡಸ್ತನ."

ಅತ್ತೆ ಮಿಷನ್ನಿನ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದಳು. ಆಮೇಲೆ ಅವಳಿಗೆ ಎಂಥ ನಗು ಬಂತೆಂದರೆ ಜಂಪರಿನ ತೋಳು ಬಾಯಿಗೆ ಅದುಮಿಕೊಂಡಳು. ನಕ್ಕು ಮುಗಿದ ಮೇಲೆ ನಿಧಾನವಾಗಿ, "ಮನುಷ್ಯರಾಗೆ? ಮಕ್ಕಳಾಗದಿದ್ರೆ ಹೆಂಗಸಿಂದೇ ಐಬಾ?" ಎಂದಳು.

ಗಂಡಸಿನದೂ ಇರಬಹುದು, ದಾವಣಗೆರೆಯಲ್ಲಿ ಅದನ್ನು ಪರೀಕ್ಷೆ ಮಾಡುತ್ತಾರೆ, ಸೂಜಿ ಕೂಡ ಚುಚ್ಚುವುದಿಲ್ಲ ಎಂದೆ. ಹೇಗೆ ಮಾಡುತ್ತಾರೆಂದು ಅವಳು ಕೇಳಲಿಲ್ಲ, ಪುಣ್ಯ.

ಮರುದಿನ ಜಗಳೂರಮ್ಮ ಬಂದಳು. ಹಿಂದೆ ಅವಳ ಮಗ, ಅಂದರೆ ನಮ್ಮ ಮಾವ, ಹೊಸ ಟೆರಿಕಾಟ್ ಅಂಗಿ ಹಾಕಿಕೊಂಡು. ಮಾವ ಒಳ್ಳೆಯ ಮನುಷ್ಯರು. ತಾಯಿ ಇರುವ ಕಡೆ ಮಾತ್ರ ಅವರು ಇರುತ್ತಿರಲಿಲ್ಲ. ಜಗಳೂರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಎಲ್ಲ ಕಡೆಯಿಂದ ನೋಡಿದಳು.

"ಬೀಗತಿ, ಇದು ಬಸವನಹುಳ ಅಲ್ಲೇನ್ರಿ?"

"ಈಗ ಹಂಗೆ ಕಾಣ್ತತಿ," ಅಂದಳು ಅಜ್ಜಿ.

"ಹುಳಕ್ಕೆ ಮರಿ ಆದ್ರೆ ನನ್ನ ಮಗನಿಗೇನಾತು? ನಾನು ಎಷ್ಟು ವರ್ಷ ಕಾಯಾಕೆ ಆಗ್ತತಿ ಹೇಳ್ರಿ. ಸಂತೇಬೆನ್ನೂರಿನವರು ಕಾಯ್ತಾ ಅದಾರೆ. ನಿಮ್ಮ ಮಗಳು ಒಂದು ಮಾತು ಹೂಂ ಅನ್ಲಿ, ಇವತ್ತೇ ಕರ್ಕಂಡು ಹೋಗ್ತೀನಿ. ಊಟಕ್ಕೆ ಬಟ್ಟೆಗೆ ಕಮ್ಮಿ ಮಾಡಲ್ಲ."

ಅಪ್ಪ ಛಾವಣಿ ನೋಡಿದ. ಅಜ್ಜಿ ಬಾಟಲಿ ನೋಡಿದಳು. ಅತ್ತೆ ಚಹಾದ ತಟ್ಟೆ ಕೆಳಗಿಟ್ಟಳು.

"ಹೂಂ ಅಂತೀನಿ, ಅತ್ತೇರೆ. ಎರಡನೇದು ಮಾಡ್ಕಳ್ಳಲಿ. ನಾನೂ ಬರ್ತೀನಿ, ಬಾಣಂತನಾನೂ ಮಾಡ್ತೀನಿ. ಒಂದೇ ಮಾತು. ಅದಕ್ಕೂ ಮುಂಚೆ ನಿಮ್ಮ ಮಗ ದಾವಣಗೆರೆಗೆ ಹೋಗಿ ತೋರಿಸ್ಕಂಡು ಬರ್ಲಿ."

"ಏನು ತೋರಿಸಾಕೆ?"

"ಈ ಹುಳಕ್ಕೂ ಗಂಡು ಬೇಕಂತೆ. ಓದಿದವನು ಹೇಳ್ತಾನೆ, ಕೇಳ್ರಿ. ಗಂಡು ಸರಿ ಐತೋ ಇಲ್ಲೋ ಅಂತ ನೋಡೋರು ಅಲ್ಲಿ ಅದಾರಂತೆ. ನನ್ನನ್ನ ಎಲ್ಲಾ ದೇವರಿಗೂ ಎಲ್ಲಾ ಡಾಕ್ಟರಿಗೂ ತೋರಿಸಿದ್ರಿ. ಅವರನ್ನ ಒಬ್ಬರಿಗಾದ್ರೂ ತೋರಿಸ್ರಿ. ಇಲ್ಲಂದ್ರೆ ಬರೋ ಹುಡುಗಿಗೂ ಹೊಳೆ ಕಲ್ಲು ಹೊರಾಕೆ ಹಚ್ಚಬೇಕಾಗ್ತತಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನು ಹೇಳಿದೆ? ಕಂಚಿನ ಕಂಠದಲ್ಲಿ ಎಲ್ಲ ವಿವರಿಸಿದೆ ಎಂದು ಬಹಳ ಕಾಲ ನಂಬಿದ್ದೆ. ಅಪ್ಪನ ಪ್ರಕಾರ ನಾನು ಆಗ ಹಿತ್ತಲಿಗೆ ಹೋಗಿದ್ದೆ. ಇರಬಹುದು.

ಮಾವ ಮಾತ್ರ ಬಾಟಲಿಯ ಕಡೆ ನೋಡುತ್ತಿದ್ದದ್ದು ನೆನಪಿದೆ. ಜಗಳೂರಮ್ಮ ಮಗನ ಮುಖ ನೋಡಿದಳು. ಅವರು ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎನ್ನಲೂ ಇಲ್ಲ. ಚಹಾ ಆರಿತು.

"ನಮ್ಮ ವಂಶದಾಗೆ ಗಂಡಸರನ್ನ ತೋರಿಸೋ ಪದ್ಧತಿ ಇಲ್ಲ," ಅಂದಳು ಜಗಳೂರಮ್ಮ ಕೊನೆಗೆ.

"ಹಂಗಾದ್ರೆ ನನಗೂ ಬರೋ ಪದ್ಧತಿ ಇಲ್ಲ," ಅಂದಳು ಅತ್ತೆ.

ಅಜ್ಜಿ ಆ ರಾತ್ರಿ ಊಟ ಬಿಡುತ್ತಾಳೆಂದು ನಾವು ಕಾದೆವು. ಬಿಡಲಿಲ್ಲ. ತನ್ನ ಮಗಳ ಮೇಲಿನ ಐಬು ಬೀಗರ ಕಡೆಗೂ ಹೋಗಬಹುದೆಂಬುದು ಅವಳಿಗೆ ಆವರೆಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. ಎರಡು ರೊಟ್ಟಿ ಜಾಸ್ತಿಯೇ ಹಾಕಿಸಿಕೊಂಡಳು.

ಆದರೆ ಜಗಳೂರಮ್ಮ ಹೊರಟದ್ದನ್ನು ಹೇಳಬೇಕು. ಮುಖ ಗಂಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ಒಂದು ಹಿಡಿ ಮರಿಗಳನ್ನು ಸ್ಟೀಲ್ ಡಬ್ಬಿಗೆ ನೀರಿನ ಸಮೇತ ಹಾಕಿಕೊಟ್ಟಳು. ಬರುವ ಸೊಸೆಗೆ ಒಳ್ಳೆಯದಾಗಲೆಂದು ಮನೆಯ ಬಾವಿಗೆ ಬಿಡಬೇಕಂತೆ. ಪರೀಕ್ಷೆ ಬೇಡ, ಪವಾಡ ಇರಲಿ. ಒಂದೇ ಮರಿ ಒಯ್ದಿದ್ದರೆ ಅದರ ವಂಶ ಅಲ್ಲಿಗೇ ನಿಲ್ಲುತ್ತಿತ್ತು. ಹಿಡಿಯೊಳಗೆ ಗಂಡೂ ಹೆಣ್ಣೂ ಇದ್ದಿರಬೇಕು. ತಾಯಿಹುಳವನ್ನೂ ಉಳಿದ ಮರಿಗಳನ್ನೂ ಅತ್ತೆ ಅಮಾವಾಸ್ಯೆಗೆ ಹೊನ್ನಾಳಿ ಹೊಳೆಗೆ ಬಿಟ್ಟು ಬಂದಳು.

ಬರುವ ಸೊಸೆ ಬರಲೇ ಇಲ್ಲ. ಶಿವಲಿಂಗದ ಮರಿಯನ್ನು ಹೊತ್ತೊಯ್ದ ಬಸ್ಸು ಅತ್ತೆಯ ಮಾತನ್ನು ಬಿಟ್ಟು ಹೋಗುತ್ತದೆಯೇ? ಸಂತೇಬೆನ್ನೂರಿನವರು ಹೇಳಿ ಕಳಿಸಿದರು: ಮೊದಲನೆಯವಳ ಒಪ್ಪಿಗೆ ಬೇಡ, ದಾವಣಗೆರೆಯಲ್ಲಿ ತೋರಿಸಿದ್ದಾಯಿತೇ, ಅಷ್ಟು ತಿಳಿಸಿ. ಆಗಿರಲಿಲ್ಲ. ಆಮೇಲೆ ಬೇರೆ ಊರಿನವರೂ ಅದನ್ನೇ ಕೇಳಿದರಂತೆ. ಅತ್ತೆ ಒಂದೆರಡು ವರ್ಷದಲ್ಲಿ ಮಿಷನ್ನು ಎತ್ತಿಕೊಂಡು ಹೊನ್ನಾಳಿಯಲ್ಲಿ ಒಂದು ಕೋಣೆ ಹಿಡಿದಳು.

ಎಂಬತ್ತರ ದಶಕದ ನಡುವೆ, ಚನ್ನಗಿರಿಯಲ್ಲಿ ಪಾಠ ಹೇಳುತ್ತಿದ್ದಾಗ, ಒಂದು ಮದುವೆಗೆಂದು ಜಗಳೂರಿಗೆ ಹೋದೆ. ಮಾವ ಸಿಕ್ಕರು, ಮನೆಗೆ ಕರೆದರು. ಜಗಳೂರಮ್ಮ ತೀರಿಕೊಂಡಿದ್ದಳು. ಮಾವ ತಮ್ಮನ ಸಂಸಾರದ ಜೊತೆ ಇದ್ದರು. ಹಿತ್ತಲಿನಲ್ಲಿ ಮೆಟ್ಟಿಲು ಬಾವಿ. ಕೈಕಾಲು ತೊಳೆಯಲು ಇಳಿದೆ. ನೀರು ಮುಟ್ಟುವ ಮೆಟ್ಟಿಲಿನ ಮೇಲೆಲ್ಲ ಬಸವನಹುಳ. ಸಣ್ಣವು, ತುದಿ ಚೂಪಾದವು, ಕಂದು ಪಟ್ಟೆಯವು.

"ಅಳಿಯ, ಇವು ನಿಮ್ಮ ಮನೇವೇ ಅಲ್ಲೇನೋ?" ಎಂದರು ಮಾವ ಮೇಲಿನಿಂದ.

ಇರಬಹುದು ಎಂದೆ. ಹಕ್ಕಿಯ ಕಾಲಿಗೆ ಅಂಟಿಕೊಂಡೂ ಬರುತ್ತವೆ, ಜೊಂಡಿನ ಜೊತೆಯೂ ಬರುತ್ತವೆ, ಖಚಿತವಾಗಿ ಹೇಳಲಾಗದು ಎಂದೂ ಸೇರಿಸಿದೆ. ಮಾವ ನನ್ನ ಪಕ್ಕಕ್ಕೆ ಇಳಿದು ಬಂದು ಮೆಟ್ಟಿಲ ಮೇಲೆ ಕೂತರು.

"ಇದರಾಗೆ ಗಂಡು ಯಾವುದು, ತೋರಿಸು ನೋಡಾನ."

ಒಂದು ಹುಳವನ್ನು ನೀರಿನ ಸಮೇತ ಬೊಗಸೆಯಲ್ಲಿ ಇಟ್ಟುಕೊಂಡು, ಅದು ಬಾಗಿಲು ತೆರೆಯುವವರೆಗೆ ಕಾದೆವು. ಹೆಣ್ಣು. ಎರಡನೆಯದೂ ಹೆಣ್ಣು. ಮೂರನೆಯದು ಕೊಂಬು ಚಾಚಿದಾಗ ಬಲಗಡೆಯದು ಗಿಡ್ಡಗೆ, ದಪ್ಪಗೆ ಬಾಗಿತ್ತು. ಬೆರಳಿಟ್ಟು ತೋರಿಸಿದೆ. ಮಾವ ಅದನ್ನು ತಮ್ಮ ಅಂಗೈಗೆ ಇಸಕೊಂಡು ಬಹಳ ಹೊತ್ತು ನೋಡಿದರು.

"ನಿಮ್ಮತ್ತೆ ಹೆಂಗದಾಳೆ?" ಎಂದು ಹುಳವನ್ನೇ ಕೇಳಿದ ಹಾಗೆ ಕೇಳಿದರು.

"ಚೆನ್ನಾಗಿದಾಳೆ ಮಾವ. ಮೂರು ಮಿಷನ್ ಹಾಕಿದಾಳೆ."

"ಚಲೋ ಆತು," ಎಂದು ಹುಳವನ್ನು ಮೆಲ್ಲಗೆ ನೀರಿಗೆ ಬಿಟ್ಟರು.

ಚನ್ನಗಿರಿಗೆ ವಾಪಸಾಗುವ ಮುಂಚೆ ಹೊನ್ನಾಳಿಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅವಳು ಯಾರದೋ ಮದುವೆಯ ಜಂಪರಿಗೆ ಗುಂಡಿಮನೆ ಹೊಲಿಯುತ್ತಿದ್ದಳು. ನಡುವೆ ಒಮ್ಮೆ ಸೂಜಿ ನಿಲ್ಲಿಸಿದಳು.

"ಅವರಾಗೇ ಕೇಳಿದ್ರಾ, ಗಂಡು ಯಾವುದು ಅಂತ?"

"ಅವರಾಗೇ."

"ತೋರಿಸಿದೇನು?"

"ತೋರಿಸಿದೆ. ಬಲಗಡೆ ಕೊಂಬು."

ಅತ್ತೆ ತಲೆ ಎತ್ತಿದಳು. "ಬಲಗಡೆ? ನನಗೆ ಎಡಗಡೆ ಅಂತ ಹೇಳಿದ್ದೆ ನೀನು."

ಸಾಧ್ಯವಿಲ್ಲ ಎಂದೆ. ಪುಸ್ತಕಗಳೆಲ್ಲ ಬಲಗಡೆ ಎನ್ನುತ್ತವೆ, ನಾನೇ ಕೊಯ್ದು ನೋಡಿದ್ದೇನೆ ಎಂದೆ. ಆದರೆ ಅದನ್ನೆಲ್ಲ ನೋಡಿದ್ದು ಆ ಬೇಸಿಗೆಯ ಆಚೆಗೆ. ಆ ಸಂಜೆ ನ್ಯಾಮತಿಯ ಹಿತ್ತಲಿನಲ್ಲಿ ನಾನು ಅವಳಿಗೆ ಏನು ಹೇಳಿದ್ದೆನೋ, ಎದುರಿಗೆ ಕೂತ ಹುಳಕ್ಕೆ ಯಾವುದು ಎಡ ಯಾವುದು ಬಲ ಎಂದು ಆಗ ನನಗೆ ಗೊತ್ತಿತ್ತೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ.

"ಎಡಗಡೆ ಅಂದಿದ್ದೆ," ಅಂದಳು ಅತ್ತೆ, ದಾರವನ್ನು ಹಲ್ಲಿನಿಂದ ಕತ್ತರಿಸಿ. "ಹೋಗ್ಲಿ ಬಿಡು. ನಾನೂ ಆ ದಿನ ಅತ್ತೇರ ಮುಂದೆ ಕೊಂಬಿನ ಮಾತು ಎತ್ತಲಿಲ್ಲ. ಚಹಾ ಕುಡೀತೀಯಾ?"